ಒಂದು ದಿನದಲ್ಲಿ ಬಿದ್ದ ಬೀಗ

ಬಾಗಿಲನ್ನು ಮುಚ್ಚುವುದಕ್ಕೆ ಒಂದು ಆಜ್ಞೆ ಸಾಕು. ಮುಚ್ಚಿದ ಬಾಗಿಲನ್ನು ಯಾರಿಗೆ ಮೊದಲು, ಯಾರಿಗೆ ಆಮೇಲೆ, ಎಷ್ಟು ಹೊತ್ತು ತೆರೆಯಬೇಕೆಂದು ನಿರ್ಣಯಿಸುವಾಗ ಆಳುವವರ ಬುದ್ಧಿಗೂ ಆಳಿಸಿಕೊಳ್ಳುವವರ ತಾಳ್ಮೆಗೂ ಪರೀಕ್ಷೆ ಒದಗುತ್ತದೆ. ಕೊರೋನಾ ಮಹಾಮಾರಿಯ ಕಾಲದಲ್ಲಿ ಈ ಪರೀಕ್ಷೆ ದೇಶಕ್ಕೆಲ್ಲ ಒದಗಿತಷ್ಟೆ. ಆದರೆ ಮೈಸೂರು ಜಿಲ್ಲೆಯ ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ಅದು ಪಡೆದುಕೊಂಡ ರೂಪ ವಿಶೇಷವಾದುದು. ಕಪಿಲಾ ಕಾವೇರಿಗಳ ನೀರುಂಡು ಬಾಳುವ ಈ ನಾಡಿನ ಜನ ಬೀಗ ಬಿದ್ದಾಗ ಗೊಣಗಲಿಲ್ಲ. ಬೀಗ ತೆಗೆಯುವ ಕಾಲ ಬಂದಾಗ ಗೊಣಗಿದರು. ಅದೇಕೆಂಬುದು ವಿಚಾರಾರ್ಹ.

2020ನೆಯ ಇಸವಿ ಮಾರ್ಚ್ 22ರ ಭಾನುವಾರ ಜನತಾ ಕರ್ಫ್ಯೂ ನಡೆಯಿತು. ಮಾರ್ಚ್ 25ರಿಂದ 21 ದಿನಗಳ ಲಾಕ್‌ಡೌನ್ ಆರಂಭವಾಯಿತು. ಅದು ಏಪ್ರಿಲ್ 14ಕ್ಕೆ ಮುಗಿಯಬೇಕಾಗಿತ್ತು. ಮುಗಿಯದೆ ಮೇ 3ರವರೆಗೆ ಬೆಳೆಯಿತು. ಅಲ್ಲಿಂದ ಮೇ 17ಕ್ಕೆ, ಮತ್ತೆ ಮೇ 31ಕ್ಕೆ ಬೆಳೆಯಿತು. ಊರಿಗೆ ಊರೇ ಒಂದೇ ರಾತ್ರಿಯಲ್ಲಿ ಮುಚ್ಚಿಹೋದುದರಿಂದ ಮೊದಮೊದಲು ಯಾರಿಗೂ ಯಾರ ಮೇಲೂ ಅಸೂಯೆಯಿರಲಿಲ್ಲ. ಸಾಹುಕಾರನ ಜವಳಿ ಅಂಗಡಿಯೂ ಮುಚ್ಚಿತ್ತು, ಬೀದಿಬದಿಯ ಇಡ್ಲಿಯ ಗಾಡಿಯೂ ನಿಂತಿತ್ತು. ಸಮಪಾಲಿನ ಕಷ್ಟವನ್ನು ನಮ್ಮ ಜನ ಸಹಿಸಬಲ್ಲರು.

ನಂಜನಗೂಡಿನ ಮೇಲೆ ಬಿದ್ದ ದೃಷ್ಟಿ

ಲಾಕ್‌ಡೌನ್ ಆರಂಭವಾದ ಮರುದಿನವೇ, ಮಾರ್ಚ್ 26ರಂದು, ನಂಜನಗೂಡಿನ ಜುಬಿಲೆಂಟ್ ಔಷಧ ಕಾರ್ಖಾನೆಯ ನೌಕರರೊಬ್ಬರಿಗೆ ಸೋಂಕು ತಗುಲಿರುವುದು ಖಚಿತವಾಯಿತು. ರಾಜ್ಯದ ಸೋಂಕಿತರ ಪಟ್ಟಿಯಲ್ಲಿ ಅವರದು 52ನೆಯ ಸಂಖ್ಯೆ. ಅವರು ವಿದೇಶಕ್ಕೆ ಹೋಗಿಬಂದವರಲ್ಲ. ಸೋಂಕು ಎಲ್ಲಿಂದ ಬಂತೆಂಬುದು ಯಾರಿಗೂ ತಿಳಿಯದೆ ಗಾಬರಿ ಇಮ್ಮಡಿಯಾಯಿತು. ಕಾರ್ಖಾನೆಯ ಸುಮಾರು ಒಂದೂವರೆ ಸಾವಿರ ನೌಕರರು ಮನೆಯಲ್ಲಿಯೇ ಪ್ರತ್ಯೇಕವಾಗಿರಬೇಕಾಯಿತು. ಅವರ ಮನೆಗಳು ನಂಜನಗೂಡಿನಲ್ಲಿ, ಮೈಸೂರಿನಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ ಹರಡಿಕೊಂಡಿದ್ದುವು. ಮೇ ತಿಂಗಳ ಆರಂಭದ ಹೊತ್ತಿಗೆ ಮೈಸೂರು ಜಿಲ್ಲೆಯ ಒಟ್ಟು ಸೋಂಕಿತರು 90 ಮಂದಿ. ಅವರಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿ ಈ ಕಾರ್ಖಾನೆಯ ನೌಕರರು ಅಥವಾ ಅವರ ಸಂಪರ್ಕಕ್ಕೆ ಬಂದವರು.

ನಂಜುಂಡೇಶ್ವರನ ಕ್ಷೇತ್ರವೆಂದು ಹೆಸರಾದ ಊರು ಕೆಲವೇ ದಿನಗಳಲ್ಲಿ ಸೋಂಕಿನ ಊರೆಂದು ಹೆಸರಾಯಿತು. ಐದು ತೇರುಗಳು ಎಳೆಯಲ್ಪಡುವ ದೊಡ್ಡ ಜಾತ್ರೆ ಆ ವರ್ಷ ನಡೆಯಲಿಲ್ಲ. ಕಾರ್ಖಾನೆಯಲ್ಲಿ ದುಡಿಯುವವನ ಮನೆಯ ಮುಂದೆ ನೆರೆಯವರು ಹಾಯುವುದನ್ನು ಬಿಟ್ಟರು. ರೋಗ ತಗುಲಿದವನಿಗೆ ರೋಗದ ನೋವಿಗಿಂತ ಊರಿನ ನೋಟ ಹೆಚ್ಚು ಚುಚ್ಚಿತೆಂದರೆ ಅತಿಶಯವಲ್ಲ. ಸೋಂಕಿನ ಮೂಲವನ್ನು ಪತ್ತೆಹಚ್ಚಲು ಸರ್ಕಾರ ಹಿರಿಯ ಐ.ಎ.ಎಸ್. ಅಧಿಕಾರಿ ಹರ್ಷ ಗುಪ್ತ ಅವರನ್ನು ನೇಮಿಸಿತು. ಚೀನಾದಿಂದ ಬಂದ ಸರಕಿನ ಮೇಲೆ ಕೆಲವರ ಸಂದೇಹ, ಹೊರಗಿನಿಂದ ಬಂದುಹೋದವರ ಮೇಲೆ ಕೆಲವರ ಸಂದೇಹ. ಜನರ ಮನಸ್ಸಿಗೆ ಸಮಾಧಾನವಾಗುವ ಉತ್ತರ ಮಾತ್ರ ಹೊರಬೀಳಲಿಲ್ಲ.

ಮೇ 15ರ ಹೊತ್ತಿಗೆ ಆ 90 ಮಂದಿಯೂ ಗುಣಹೊಂದಿ ಮನೆಗೆ ಮರಳಿದರು. ವೈದ್ಯರು, ದಾದಿಯರು, ಮನೆಮನೆಗೆ ನಡೆದು ವಿಚಾರಿಸಿದ ಆಶಾ ಕಾರ್ಯಕರ್ತೆಯರು ಮೆಚ್ಚಬೇಕಾದ ಸಾಧನೆಯಿದು. ಕಾರ್ಖಾನೆಯೂ ಮೇ ತಿಂಗಳ ಕೊನೆಯ ಭಾಗದಲ್ಲಿ ಮತ್ತೆ ಕೆಲಸ ಆರಂಭಿಸಿತು. ಅಲ್ಲಿಯೂ ಜನಾಭಿಪ್ರಾಯ ಎರಡಾಗಿ ಒಡೆಯಿತು. ಮೂಲ ತಿಳಿಯುವ ಮೊದಲೇ ತೆರೆಯುವುದೇ ಎಂದು ಒಂದು ಪಕ್ಷ. ಸಂಬಳವಿಲ್ಲದೆ ಇನ್ನೆಷ್ಟು ದಿನ ಎಂದು ಇನ್ನೊಂದು ಪಕ್ಷ. ಎರಡೂ ಪಕ್ಷದವರು ಒಂದೇ ಬೀದಿಯವರು, ಹಲವೆಡೆ ಒಂದೇ ಮನೆಯವರು.

ಕೆಂಪು, ಕಿತ್ತಳೆ, ಹಸಿರು

ಅಸಮಾಧಾನದ ಬೀಜ ಬಿದ್ದುದು ಬಣ್ಣಗಳು ಬಂದ ಮೇಲೆ. ಮೇ 4ರಿಂದ ಆರಂಭವಾದ ಮೂರನೆಯ ಅವಧಿಗೆ ಕೇಂದ್ರ ಸರ್ಕಾರ ಜಿಲ್ಲೆಗಳನ್ನು ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸಿತು. ಕರ್ನಾಟಕದಲ್ಲಿ ಕೆಂಪು ಪಟ್ಟಿಗೆ ಸೇರಿದುವು ಮೂರೇ ಜಿಲ್ಲೆಗಳು: ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ ಮತ್ತು ಮೈಸೂರು. ನೆರೆಯ ಚಾಮರಾಜನಗರದಲ್ಲಿ ಆಗ ಒಬ್ಬ ಸೋಂಕಿತನೂ ಇರಲಿಲ್ಲವಾಗಿ ಅದು ಹಸಿರು. ಮೈಸೂರಿನಿಂದ ನಂಜನಗೂಡನ್ನು ಹಾದು ಚಾಮರಾಜನಗರವನ್ನು ಮುಟ್ಟುವುದು ಒಂದೇ ರೈಲು ಹಾದಿ; ಜನರ ಬಂಧುಬಳಗ, ಕೊಡುಕೊಳ್ಳುವಿಕೆ, ಸಂತೆ, ದೇವರು ಎಲ್ಲವೂ ಬೆಸೆದುಕೊಂಡಿರುವ ಸೀಮೆ. ಆ ಹಾದಿಯ ಒಂದು ತುದಿ ಕೆಂಪಾಯಿತು, ಇನ್ನೊಂದು ತುದಿ ಹಸಿರಾಯಿತು. ಹಸಿರು ಜಿಲ್ಲೆಯಲ್ಲಿ ಅರ್ಧದಷ್ಟು ಪ್ರಯಾಣಿಕರೊಡನೆ ಬಸ್ಸು ಓಡಬಹುದು, ಕ್ಷೌರದಂಗಡಿ ತೆರೆಯಬಹುದು. ಕೆಂಪು ಜಿಲ್ಲೆಯಲ್ಲಿ ಬಸ್ಸಿಲ್ಲ, ಆಟೋ ಇಲ್ಲ, ಕ್ಷೌರವಿಲ್ಲ.

ಅದೇ ಮೇ 4ರಂದು ರಾಜ್ಯದಲ್ಲಿ ಮದ್ಯದಂಗಡಿಗಳು ತೆರೆದುವು. ಮೊದಲ ದಿನದ ಮಾರಾಟ ಸುಮಾರು 45 ಕೋಟಿ ರೂಪಾಯಿ. ಮರುದಿನದ್ದು 197 ಕೋಟಿ. ಬೊಕ್ಕಸ ಬರಿದಾದ ಸರ್ಕಾರಕ್ಕೆ ಅದು ಅನಿವಾರ್ಯವಾಗಿದ್ದಿರಬಹುದು. ಆದರೆ ಕತ್ತರಿ ಹಿಡಿದು ಹೊಟ್ಟೆ ಹೊರೆಯುವವನ ಅಂಗಡಿ ಅಪಾಯಕರ, ಸಾಲುಗಟ್ಟಿ ನಿಂತು ಶೀಸೆ ಕೊಳ್ಳುವುದು ನಿರಪಾಯಕರ ಎಂಬ ತರ್ಕವನ್ನು ಸಾಮಾನ್ಯನ ಬುದ್ಧಿ ಒಪ್ಪಲಿಲ್ಲ. ದೇವರ ಗುಡಿಗೆ ಬೀಗ, ಹೆಂಡದಂಗಡಿಗೆ ಬಾಗಿಲು ಎಂಬ ಮಾತು ಹಳ್ಳಿಯ ಜಗುಲಿಗಳಲ್ಲಿ ಹರಿದಾಡಿತು. ಎರಡು ದಿನಗಳ ತರುವಾಯ ರಾಜ್ಯ ಸರ್ಕಾರ ಕ್ಷೌರಿಕರಿಗೆ, ಮಡಿವಾಳರಿಗೆ, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5000 ರೂಪಾಯಿಗಳ ಪರಿಹಾರವನ್ನು ಸಾರಿತು. ಪರಿಹಾರದಿಂದ ಒಲೆ ಕೆಲವು ದಿನ ಉರಿದೀತು. ಅನ್ಯಾಯವಾಯಿತೆಂಬ ಭಾವನೆ ಅದರಿಂದ ಆರುವಂಥದಲ್ಲ.

ಪೂಜೆಯಿಲ್ಲದ ಗುಡಿಯ ಪಾಡು

ಜೂನ್ 8ರಂದು ದೇವಾಲಯಗಳು ತೆರೆದುವು. ಗಂಟೆ ಮುಟ್ಟುವಂತಿಲ್ಲ, ತೀರ್ಥಪ್ರಸಾದವಿಲ್ಲ, ಅಂತರ ಬಿಟ್ಟು ನಿಲ್ಲಬೇಕು ಎಂಬ ಕಟ್ಟಳೆಗಳೊಡನೆ ಭಕ್ತರಿಗೆ ದೇವರ ದರ್ಶನವಾಯಿತು. ನರಸೀಪುರ ತಾಲ್ಲೂಕಿನ ಸೋಮನಾಥಪುರಕ್ಕೆ ಮಾತ್ರ ಆ ಭಾಗ್ಯ ಬರಲಿಲ್ಲ. ಅದಕ್ಕೆ ಕಾರಣ ಸ್ವಾರಸ್ಯವಾದುದು.

ಹೊಯ್ಸಳ ಅರಸನಾದ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು 13ನೆಯ ಶತಮಾನದಲ್ಲಿ ಕಟ್ಟಿಸಿದ ಇಲ್ಲಿನ ಕೇಶವಾಲಯ ತ್ರಿಕೂಟವಾದುದು. ಕೇಶವ, ಜನಾರ್ದನ, ವೇಣುಗೋಪಾಲ ಎಂದು ಮೂರು ಗರ್ಭಗುಡಿಗಳು. ಮಲ್ಲಿತಮ್ಮನೇ ಮೊದಲಾದ ಶಿಲ್ಪಿಗಳ ಹೆಸರುಗಳು ಅಲ್ಲಿನ ವಿಗ್ರಹಗಳ ಕೆಳಗೆ ಇಂದಿಗೂ ಕಾಣುತ್ತವೆ. ಮೂರ್ತಿಗಳು ಭಿನ್ನವಾದ ಕಾರಣ ಪೂಜೆ ನಿಂತು ಬಹುಕಾಲವಾಯಿತು. ಗುಡಿ ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಮಾರ್ಚ್ 17ರಂದು ದೇಶದ ಸ್ಮಾರಕಗಳೆಲ್ಲವೂ ಮುಚ್ಚಿದುವು. ಜೂನ್ 8ರಂದು ತೆರೆಯಲು ಅಪ್ಪಣೆ ದೊರೆತುದು ಪೂಜೆ ನಡೆಯುವ 820 ಸ್ಮಾರಕಗಳಿಗೆ ಮಾತ್ರ. ಪೂಜೆಯಿಲ್ಲದ ಗುಡಿಗಳು ಜುಲೈ 6ರ ಅಪ್ಪಣೆಗಾಗಿ ಕಾಯಬೇಕಾಯಿತು. ನೂರಾರು ಜನ ಒತ್ತಾಗಿ ಸೇರಬಹುದಾದ ಗುಡಿಗಳು ಮೊದಲು ತೆರೆದುವು. ವಿಶಾಲವಾದ ಅಂಗಳದ ನಡುವೆ, ಬಯಲಿನ ಗಾಳಿಗೆ ನಿಂತ ಗುಡಿ ಆಮೇಲೆ.

ದೇವರಿಲ್ಲದಿದ್ದರೂ ಆ ಗುಡಿಯನ್ನು ನಂಬಿ ಬದುಕುವವರು ಇದ್ದರು. ಎಳನೀರು ಕೊಚ್ಚುವವರು, ಕಾಫಿ ತಿಂಡಿಯ ಅಂಗಡಿಯವರು, ಮೈಸೂರಿನಿಂದ ಪ್ರವಾಸಿಗರನ್ನು ಕರೆತರುವ ಕಾರಿನ ಚಾಲಕರು, ಜಗತಿಯ ಸುತ್ತ ನಡೆದು ರಾಮಾಯಣ ಮಹಾಭಾರತದ ಕಥೆಗಳನ್ನು ಕಲ್ಲಿನಲ್ಲಿ ತೋರಿಸುವ ಮಾರ್ಗದರ್ಶಿಗಳು. ಅವರ ಪಾಲಿಗೆ ಜುಲೈ 6 ಕೂಡ ಪೂರ್ಣ ಬಿಡುಗಡೆಯಾಗಲಿಲ್ಲ. ಕೈಯಲ್ಲಿ ಹಣ ಕೊಟ್ಟು ಚೀಟಿ ಕೊಳ್ಳುವಂತಿಲ್ಲ; ಫೋನಿನ ಮೂಲಕವೇ ಕೊಳ್ಳಬೇಕು. ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ, ಗುಂಪಾಗಿ ನಿಂತು ಛಾಯಾಚಿತ್ರ ತೆಗೆಯಬಾರದೆಂಬ ನಿಯಮ. ಬಾಗಿಲು ತೆರೆದಿತ್ತು, ಒಳಗೆ ಬರುವವರ ಕಾಲುಸಪ್ಪಳ ಕೇಳಿಸುತ್ತಿರಲಿಲ್ಲ.

ಮೂರನೆಯ ವರ್ಗದ ಏಕೈಕ ಜಿಲ್ಲೆ

ಇಷ್ಟರಲ್ಲಿ ಕಥೆ ಮುಗಿದಿದ್ದರೆ ಜನ ಮರೆತುಬಿಡುತ್ತಿದ್ದರು. 2021ರಲ್ಲಿ ಎರಡನೆಯ ಅಲೆ ಬಂತು. ಮೊದಲ ಅಲೆಯಲ್ಲಿ ಹಸಿರಾಗಿದ್ದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಮೇ 2 ಮತ್ತು 3ರ ನಡುವೆ, ಆಮ್ಲಜನಕದ ಅಭಾವದ ಕಾಲದಲ್ಲಿ, 24 ಮಂದಿ ರೋಗಿಗಳು ಸತ್ತರು. ಆ ಸುದ್ದಿಯನ್ನು ಕೇಳಿದ ಮೇಲೆ ಬಾಗಿಲು ಮುಚ್ಚಬಾರದೆಂದು ಹೇಳುವ ಧೈರ್ಯ ಈ ಸೀಮೆಯಲ್ಲಿ ಯಾರಿಗೂ ಉಳಿದಿರಲಿಲ್ಲ. ಭಯ ನಿಜವಾದುದು, ಎಚ್ಚರ ಅವಶ್ಯವಾದುದು. ಇದನ್ನು ಮರೆತು ಅಧಿಕಾರಿಗಳನ್ನು ಜರೆದರೆ ನ್ಯಾಯವಾಗದು.

ಏಪ್ರಿಲ್ ಕೊನೆಯಿಂದ ಬಿಗಿಯಾದ ನಿರ್ಬಂಧಗಳು ಜೂನ್ ಮಧ್ಯದಲ್ಲಿ ಸಡಿಲವಾಗತೊಡಗಿದುವು. ಜೂನ್ 14ರಂದು ಬಹುಪಾಲು ಜಿಲ್ಲೆಗಳಿಗೆ ಸಡಿಲಿಕೆ ದೊರೆಯಿತು, ಹನ್ನೊಂದು ಜಿಲ್ಲೆಗಳು ಹಿಂದುಳಿದುವು, ಮೈಸೂರು ಅವುಗಳಲ್ಲೊಂದು. ಜೂನ್ 21ರಂದು ಜಿಲ್ಲೆಗಳು ಮೂರು ವರ್ಗಗಳಾದುವು. ಪರೀಕ್ಷೆಗೊಳಗಾದ ನೂರು ಮಂದಿಯಲ್ಲಿ ಐದಕ್ಕಿಂತ ಕಡಿಮೆ ಜನರಿಗೆ ಸೋಂಕಿರುವ 16 ಜಿಲ್ಲೆಗಳು ಮೊದಲನೆಯ ವರ್ಗ; ಐದರಿಂದ ಹತ್ತರವರೆಗಿನ 13 ಜಿಲ್ಲೆಗಳು ಎರಡನೆಯ ವರ್ಗ. ಹತ್ತಕ್ಕೂ ಮೀರಿದ ಮೂರನೆಯ ವರ್ಗದಲ್ಲಿ ಉಳಿದುದು ಒಂದೇ ಜಿಲ್ಲೆ, ಮೈಸೂರು.

ಮಂಡ್ಯ ಮೊದಲನೆಯ ವರ್ಗಕ್ಕೆ ಸೇರಿತು. ಸೋಮನಾಥಪುರಕ್ಕೆ ಸಮೀಪದ ಪೇಟೆ ಬನ್ನೂರು, ಮೈಸೂರು ಜಿಲ್ಲೆಯದು. ಬನ್ನೂರಿನಿಂದ ಮಳವಳ್ಳಿಯ ಹಾದಿ ಹಿಡಿದರೆ ಸಿಕ್ಕುವ ಕಿರುಗಾವಲು ಮಂಡ್ಯ ಜಿಲ್ಲೆಯದು. ಆದೇಶದ ಪ್ರಕಾರ ಕಿರುಗಾವಲಿನಲ್ಲಿ ಎಲ್ಲ ಅಂಗಡಿಗಳೂ ಸಂಜೆ 5 ಗಂಟೆಯವರೆಗೆ ತೆರೆದಿರಬಹುದು, ಹೋಟೆಲಿನಲ್ಲಿ ಕುಳಿತು ದೋಸೆ ತಿನ್ನಬಹುದು, ಬಸ್ಸು ಹತ್ತಬಹುದು. ಬನ್ನೂರಿನಲ್ಲಿ ಬೆಳಿಗ್ಗೆ 6ರಿಂದ 10ರವರೆಗೆ ದಿನಬಳಕೆಯ ಅಗತ್ಯ ಸಾಮಾನು ಮಾತ್ರ. ಚಪ್ಪಲಿ ಅಂಗಡಿಯವನು, ಪಾತ್ರೆಯಂಗಡಿಯವನು, ಸೈಕಲ್ ರಿಪೇರಿಯವನು ತನ್ನ ಗಿರಾಕಿ ಗಡಿ ದಾಟಿ ಹೋಗುವುದನ್ನು ನೋಡುತ್ತ ಕುಳಿತುಕೊಳ್ಳಬೇಕು. ರೋಗಕ್ಕೆ ಜಿಲ್ಲೆಯ ಗಡಿಕಲ್ಲು ಗೊತ್ತೇ ಎಂಬುದು ಅವನ ಪ್ರಶ್ನೆ.

ಅದು ಅವಿವೇಕದ ಪ್ರಶ್ನೆಯಲ್ಲ. ಜಿಲ್ಲೆಯನ್ನು ಒಂದೇ ಅಳತೆಗೋಲಿನಿಂದ ಅಳೆದಾಗ ಮೈಸೂರು ನಗರದ ಲೆಕ್ಕ, ನರಸೀಪುರದ ಹಳ್ಳಿಯ ಲೆಕ್ಕ ಎರಡೂ ಒಂದೇ ರಾಶಿಗೆ ಬೀಳುತ್ತವೆ. ಅಷ್ಟೇ ಅಲ್ಲ, ನೂರಕ್ಕೆ ಎಷ್ಟೆಂಬ ಲೆಕ್ಕ ಯಾರನ್ನು ಪರೀಕ್ಷಿಸಿದರೆಂಬುದನ್ನು ಅವಲಂಬಿಸಿದೆ. ಜ್ವರ ಕೆಮ್ಮು ಇದ್ದವರನ್ನೇ ಆರಿಸಿ ಪರೀಕ್ಷಿಸಿದರೆ ಅಂಕಿ ಏರುತ್ತದೆ. ಬೀದಿಯಲ್ಲಿ ಸಿಕ್ಕವರನ್ನೆಲ್ಲ ಪರೀಕ್ಷಿಸಿದರೆ ಇಳಿಯುತ್ತದೆ. ರೋಗಿಗಳನ್ನು ಶ್ರದ್ಧೆಯಿಂದ ಹುಡುಕುವ ಜಿಲ್ಲೆಗೇ ಹೆಚ್ಚು ದಿನ ಬೀಗ ಬೀಳುವ ಸಂಭವವೂ ಇದರಲ್ಲಿ ಅಡಗಿದೆ. ಈ ಸೂಕ್ಷ್ಮವನ್ನು ಬಿಡಿಸಿ ಹೇಳುವ ಸೌಜನ್ಯ ಆದೇಶದ ಪತ್ರಗಳಲ್ಲಿ ಇರಲಿಲ್ಲ. ಅವು ‘ಮುಂದಿನ ಆದೇಶದವರೆಗೆ’ ಎಂದು ಮುಗಿಯುತ್ತಿದ್ದುವು.

ಜುಲೈ 5ರಂದು ಕೊಡಗನ್ನು ಬಿಟ್ಟು ರಾಜ್ಯಕ್ಕೆಲ್ಲ ಒಂದೇ ಬಗೆಯ ಸಡಿಲಿಕೆ ದೊರೆಯಿತು. ಮೈಸೂರು ಸೀಮೆ ನಿಟ್ಟುಸಿರು ಬಿಟ್ಟಿತು. ಬೀಗದ ನೆರಳು ಆಮೇಲೆಯೂ ಸರಿಯಲಿಲ್ಲ. ಮೂರು ವರ್ಷಗಳಿಗೊಮ್ಮೆ ನರಸೀಪುರದ ತ್ರಿವೇಣಿ ಸಂಗಮದಲ್ಲಿ ನಡೆಯುವ ಕುಂಭಮೇಳ 2019ರಲ್ಲಿ ನಡೆದ ಮೇಲೆ, 2022ರ ಸರದಿ ತಪ್ಪಿ, ಮತ್ತೆ ನಡೆದುದು 2025ರ ಫೆಬ್ರವರಿಯಲ್ಲಿ.

ಪ್ಲೇಗಿನ ಕಾಲದ ಪಾಠ

ಮೈಸೂರು ಸೀಮೆಗೆ ಇಂಥ ಅನುಭವ ಹೊಸದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಾಗ ಸಂಸ್ಥಾನದ ಸರ್ಕಾರ ರೈಲು ಪ್ರಯಾಣಿಕರನ್ನು ತಪಾಸಣೆಗೆ ಒಳಪಡಿಸಿತು, ರೋಗಿಗಳನ್ನು ಬೇರ್ಪಡಿಸಿತು. ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಜನ ಆ ಕಟ್ಟುಕಟ್ಟಳೆಗಳ ವಿರುದ್ಧ ದಂಗೆಯೆದ್ದರು. ಹಳ್ಳಿಗಳಲ್ಲಾದರೋ ಇಲಿ ಬಿದ್ದೊಡನೆ ಜನ ಊರು ಬಿಟ್ಟು ಹೊಲತೋಟಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಇಲಿ ಬೀಳುವುದು ನಿಂತಿತೆಂದು ಕಣ್ಣಾರೆ ಕಂಡ ಮೇಲೆ ಊರಿಗೆ ಮರಳುತ್ತಿದ್ದರು. ಹೋಗುವುದಕ್ಕೂ ಮರಳುವುದಕ್ಕೂ ಕಣ್ಣಿಗೆ ಕಾಣುವ ಗುರುತೊಂದಿತ್ತು. ಕೊರೋನಾ ಕಾಲದಲ್ಲಿ ಗುರುತು ಅಂಕಿಯಾಯಿತು. ಆ ಅಂಕಿ ಹೇಗೆ ಹುಟ್ಟುತ್ತದೆಂಬುದು ಜನಕ್ಕೆ ಕಾಣಲಿಲ್ಲ.

ನಂಜನಗೂಡು ನರಸೀಪುರಗಳ ಬೇಸರವನ್ನು ಶಿಸ್ತಿಲ್ಲದವರ ಗೊಣಗಾಟವೆಂದು ತಳ್ಳಿಹಾಕಿದವರುಂಟು. ಎರಡು ಬೇಸಿಗೆ ಬಾಯಿಗೆ ಬಟ್ಟೆ ಕಟ್ಟಿ, ಜಾತ್ರೆಯನ್ನು ಬಿಟ್ಟು, 50 ಜನರಲ್ಲಿ ಮದುವೆಯನ್ನೂ 20 ಜನರಲ್ಲಿ ಶವಸಂಸ್ಕಾರವನ್ನೂ ಮುಗಿಸಿದ ಜನರನ್ನು ಶಿಸ್ತಿಲ್ಲದವರೆನ್ನುವುದು ಸಲ್ಲದು. ಅವರು ಕೇಳಿದುದು ಬಾಗಿಲನ್ನು ಈಗಲೇ ತೆರೆಯಿರಿ ಎಂದಲ್ಲ. ನೆರೆಯ ಬಾಗಿಲು ತೆರೆದು ತಮ್ಮ ಬಾಗಿಲು ಮುಚ್ಚಿರುವುದಕ್ಕೆ ಕಾರಣವೇನು, ಯಾವ ಗುರಿ ಮುಟ್ಟಿದರೆ ತಮಗೂ ತೆರೆದೀತು, ಅದು ತಾಲ್ಲೂಕಿನ ಲೆಕ್ಕವೋ ಜಿಲ್ಲೆಯ ಲೆಕ್ಕವೋ ಎಂದು ಕೇಳಿದರು. ಉತ್ತರವನ್ನು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ದಿನವೂ ನಾಲ್ಕು ಸಾಲಿನಲ್ಲಿ ಬರೆದು ಹಾಕಿದ್ದರೆ ಸಾಕಾಗುತ್ತಿತ್ತು.

ಮುಂದೆ ಇನ್ನಾವ ವ್ಯಾಧಿ ಬರುವುದೋ ಯಾರು ಬಲ್ಲರು? ಬಂದಾಗ ಬೀಗ ಹಾಕುವವರು ಬೀಗದೊಡನೆ ಅದರ ಕಾರಣವನ್ನೂ, ತೆರೆಯುವ ದಿನದ ಲೆಕ್ಕವನ್ನೂ ಜನರ ಮುಂದಿಡಲಿ. ಲೆಕ್ಕ ತಿಳಿದ ಜನ ಕಾಯುತ್ತಾರೆ. ಹಾಗೆ ಕಾಯಬಲ್ಲರೆಂಬುದಕ್ಕೆ ಕಪಿಲಾ ಕಾವೇರಿಗಳ ಈ ಸೀಮೆಯೇ ಸಾಕ್ಷಿ.