ಬಳಗದ ಹುಡುಗ, ಬೀಗದ ಕೈ

ನಮ್ಮ ಕಡೆಯ ಕಾಲೇಜು ಹಾಸ್ಟೆಲುಗಳಲ್ಲಿ ‘ಸೆಕ್ರೆಟರಿ’ ಎಂಬುದೊಂದು ಪದವಿಯುಂಟು. ಪದವಿ ಎಂದೆನಷ್ಟೆ, ಅದಕ್ಕೆ ಸಂಬಳವಿಲ್ಲ, ಭತ್ತೆಯಿಲ್ಲ. ಸಿಗುವುದೆಂದರೆ ಒಂದು ಹಾಜರಿ ಪುಸ್ತಕ, ಹೆಬ್ಬಾಗಿಲಿನ ಬೀಗದ ಕೈ, ಮತ್ತು ಸಾರಿನಲ್ಲಿ ಉಪ್ಪು ಹೆಚ್ಚಾದ ದಿನ ಎಲ್ಲರಿಗಿಂತ ಮೊದಲು ಬೈಸಿಕೊಳ್ಳುವ ಹಕ್ಕು. ವಾರ್ಡನ್ ಆದವರು ಅಧ್ಯಾಪಕರು. ಸಂಜೆಗೊಂದು ಸುತ್ತು ಹಾಕಿ ತಮ್ಮ ಮನೆಗೆ ಹೋಗುವವರು. ರಾತ್ರಿ ಒಂಬತ್ತರ ಮೇಲೆ ಅರವತ್ತು ಎಪ್ಪತ್ತು ತರುಣರ ನಡುವೆ ಉಳಿಯುವ ಅಧಿಕಾರವೆಂದರೆ ಅವರಲ್ಲಿಯೇ ಒಬ್ಬನಾದ ಈ ಸೆಕ್ರೆಟರಿಯದು. ಹೊಸದಾಗಿ ಬಂದ ಹುಡುಗ ಮನೆ ನೆನೆದು ಅತ್ತರೆ ಸಮಾಧಾನ ಹೇಳುವವನೂ ಅವನೇ, ಜ್ವರ ಬಂದವನನ್ನು ಆಸ್ಪತ್ರೆಗೆ ಕರೆದೊಯ್ಯುವವನೂ ಅವನೇ, ತಡವಾಗಿ ಬಂದವನ ಹೆಸರು ಬರೆದಿಡುವವನೂ ಅವನೇ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇಂಥವನನ್ನು ‘ರೆಸಿಡೆಂಟ್ ಅಸಿಸ್ಟೆಂಟ್’ ಎಂದು ಕರೆಯುತ್ತಾರೆ. ಪ್ರತಿಫಲವಾಗಿ ಕೋಣೆಯನ್ನೋ ಊಟವನ್ನೋ ಕೊಡುವ ವಾಡಿಕೆಯೂ ಅಲ್ಲಿದೆ. ನಮ್ಮ ಸೆಕ್ರೆಟರಿಗೆ ಆ ಭಾಗ್ಯ ಇನ್ನೂ ಬಂದಿಲ್ಲ.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಎಂದರೆ ಹುಬ್ಬಳ್ಳಿಯಿಂದ ಹರಿಹರಕ್ಕೆ ಹೋಗುವ ರೈಲುಹಾದಿಯ ಮೇಲೆ ಕಟ್ಟಿದ ಮೂರು ಗಂಟುಗಳು. ಈ ಮೂರೂ ಊರಿನ ಹಾಸ್ಟೆಲುಗಳನ್ನು ನಾನು ಮೊದಲು ವಿದ್ಯಾರ್ಥಿಯಾಗಿ, ಆಮೇಲೆ ಅಧ್ಯಾಪಕನಾಗಿ, ಕೆಲವು ವರ್ಷ ವಾರ್ಡನ್ ಆಗಿಯೂ ಬಲ್ಲೆ. ಈ ಒಡನಾಟದಲ್ಲಿ ನನ್ನನ್ನು ಬಹಳವಾಗಿ ಕಾಡಿದ ವಿಷಯವೊಂದಿದೆ: ಸೆಕ್ರೆಟರಿಯಾದ ಹುಡುಗನಿಗೆ ತನ್ನದೇ ಆದೊಂದು ಬಳಗವೂ ಇರುತ್ತದಲ್ಲ, ಅದರ ಗತಿಯೇನು?

‘ಬಳಗ’ ಎಂಬುದು ನಮ್ಮ ಭಾಷೆಯ ಬಹು ಬೆಚ್ಚಗಿನ ಮಾತು. ಬಂಧುವೂ ಅದರಲ್ಲಿದ್ದಾನೆ, ಗೆಳೆಯನೂ ಇದ್ದಾನೆ. ಹಾನಗಲ್ಲಿನವರದೊಂದು ಬಳಗ, ಹಿರೇಕೆರೂರಿನವರದೊಂದು. ಜಾತಿಯ ಹೆಸರಿನದೊಂದು, ವಿದ್ಯಾರ್ಥಿ ಸಂಘಟನೆಯದೊಂದು, ಗಣಪತಿ ಕೂರಿಸುವವರದೊಂದು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪೇಟೆ ನೆರೆಯುವ ಸೋಮವಾರ, ಗುರುವಾರಗಳಂದು ಹಳ್ಳಿಯಿಂದ ಚೀಲ ಏರಿಸಿಕೊಂಡು ಬಂದ ತಂದೆಯರು ಮಕ್ಕಳಿಗೆ ರೊಟ್ಟಿ ಬುತ್ತಿ ಕೊಟ್ಟು ಹೋಗುತ್ತಾರೆ. ಆ ಸಂಜೆ ಬುತ್ತಿಯ ಸುತ್ತ ಯಾರು ಯಾರು ಕೂತಿದ್ದಾರೆ ಎಂದು ನೋಡಿದರೆ ಸಾಕು, ಹಾಸ್ಟೆಲಿನ ಬಳಗಗಳ ನಕ್ಷೆಯೇ ಕಣ್ಣೆದುರು ಬಿಚ್ಚಿಕೊಳ್ಳುತ್ತದೆ. ಹಾವೇರಿ 1997ರಲ್ಲಿ ಜಿಲ್ಲೆಯ ಮುಖ್ಯ ಪಟ್ಟಣವಾದ ಮೇಲೆ ಅಲ್ಲಿಯ ಹುಡುಗರಿಗೆ ಮನವಿಪತ್ರ, ಮೆರವಣಿಗೆಗಳ ಬಳಗಗಳೂ ಸೇರಿಕೊಂಡವು. ಇವೆಲ್ಲಕ್ಕಿಂತ ಬಲವಾದದ್ದು, ಈ ಸೀಮೆಗೇ ವಿಶಿಷ್ಟವಾದದ್ದು, ಹೋರಿಯ ಬಳಗ.

ದಕ್ಷಿಣದ ವಾಚಕರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದೀಪಾವಳಿಯ ಪಾಡ್ಯದಿಂದ ತೊಡಗಿ ಮುಂದೆ ಎಷ್ಟೋ ವಾರಗಳವರೆಗೆ ನಮ್ಮ ಹಳ್ಳಿಗಳಲ್ಲಿ ಒಂದಾದ ಮೇಲೊಂದರಂತೆ ಹೋರಿ ಬೆದರಿಸುವ ಹಬ್ಬ ನಡೆಯುತ್ತದೆ. ಮೈಗೆ ಜೂಲು, ಕೋಡಿಗೆ ಬಲೂನು, ಕೊರಳಿಗೆ ಒಣಕೊಬ್ಬರಿಯ ಹಾರ ಕಟ್ಟಿದ ಹೋರಿಯನ್ನು ಜನ ಕಿಕ್ಕಿರಿದ ಓಣಿಯಲ್ಲಿ ಬಿಡುತ್ತಾರೆ. ಓಡುವ ಹೋರಿಯ ಕೊರಳಿನಿಂದ ಕೊಬ್ಬರಿ ಹರಿದವನು ಗಂಡು, ಹರಿಯಗೊಡದೆ ಪಾರಾದ ಹೋರಿ ಹುಲಿ. ಹೆಸರಾದ ಹೋರಿಗೆ ‘ಅಭಿಮಾನಿ ಬಳಗ’ ಇರುತ್ತದೆ. ಹೋರಿಯ ಚಿತ್ರವನ್ನೂ ಹೆಸರನ್ನೂ ಅಚ್ಚು ಹಾಕಿಸಿದ ಅಂಗಿ ತೊಟ್ಟು ಹುಡುಗರು ಅದರ ಹಿಂದೆ ಊರೂರು ತಿರುಗುತ್ತಾರೆ. ಹೋರಿ ಸತ್ತರೆ ಮೆರವಣಿಗೆ ಮಾಡಿ ಮಣ್ಣು ಕೊಟ್ಟು ದುಃಖಿಸುವುದೂ ಉಂಟು. ಹಬ್ಬದ ಸೊಗಸನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಹೋರಿ ಹಾಯ್ದು ಸತ್ತವರ ಸುದ್ದಿ ಇದೇ ಪತ್ರಿಕೆಗಳಲ್ಲಿ ಬರುತ್ತಿರುವುದನ್ನೂ ಓದುಗರು ಬಲ್ಲರು.

ಅಮೆರಿಕದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಈ ಮಾತು ಬರೆದಾಗ, ಅಲ್ಲಿಯ ಕಾಲೇಜುಗಳ ಬಳಗಗಳಿಗೆ ಗ್ರೀಕ್ ಅಕ್ಷರಗಳ ಹೆಸರಿರುತ್ತದೆ, ಅವರೂ ಆ ಅಕ್ಷರ ಅಚ್ಚಾದ ಅಂಗಿ ತೊಡುತ್ತಾರೆ ಎಂದು ನಗುತ್ತ ಉತ್ತರಿಸಿದಳು. ಆ ಸಂಪ್ರದಾಯದ ಮೂಲ 1776ರಲ್ಲಿ ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿದ ‘ಫೈ ಬೀಟಾ ಕಪ್ಪಾ’ ಸಂಘ. ಅಲ್ಲಿ ಅನೇಕ ಬಳಗಗಳಿಗೆ ತಮ್ಮದೇ ಮನೆಗಳುಂಟು. ಆದ್ದರಿಂದ ಬಳಗದವನೊಬ್ಬ ವಿದ್ಯಾರ್ಥಿನಿಲಯದ ಸಹಾಯಕನಾದರೆ ಮೊದಲು ಎದುರಾಗುವುದು ವೇಳೆಯ ಪ್ರಶ್ನೆ: ಸಭೆಯ ರಾತ್ರಿಯೂ ಪಾಳಿಯ ರಾತ್ರಿಯೂ ಒಂದೇ ದಿನ ಬಂದರೆ ಏನು ಮಾಡಬೇಕು? ನಮ್ಮಲ್ಲಿ ಬಳಗ ಬೇರೆ ಮನೆಯಲ್ಲಿರುವುದಿಲ್ಲ. ಅದೇ ಕೋಣೆಯಲ್ಲಿ, ಪಕ್ಕದ ಚಾಪೆಯ ಮೇಲೆ ಮಲಗಿರುತ್ತದೆ.

ಕೆಲವು ವರ್ಷಗಳ ಹಿಂದೆ, ಈ ಮೂರು ಊರುಗಳಲ್ಲಿ ಒಂದರ ಹಾಸ್ಟೆಲಿನಲ್ಲಿ ನಾನು ವಾರ್ಡನ್ ಆಗಿದ್ದಾಗ, ಸೆಕ್ರೆಟರಿಯಾಗಿದ್ದ ಹುಡುಗ ಬಿ.ಎ. ಕೊನೆಯ ವರ್ಷದವನು. ಹಳಗನ್ನಡವನ್ನು ಚೆನ್ನಾಗಿ ಓದುತ್ತಿದ್ದ. ತನ್ನೂರಿನ ಹೋರಿಯ ಬಳಗಕ್ಕೆ ಅವನೇ ಮುಂದಾಳು. ಕಾರ್ತಿಕದ ಒಂದು ದಿನ ಅವನ ಊರಿನವರೇ ಆದ ಮೂವರು ಮೊದಲ ವರ್ಷದ ಹುಡುಗರು ಹೇಳದೆ ಕೇಳದೆ ಹಬ್ಬಕ್ಕೆ ಹೋದರು. ಸಂಜೆಯ ಹಾಜರಿಗೆ ಬರಲಿಲ್ಲ. ರಾತ್ರಿ ಒಂಬತ್ತೂವರೆಗೆ ಅವರಲ್ಲೊಬ್ಬ ಸೆಕ್ರೆಟರಿಗೆ ಫೋನು ಮಾಡಿ, ತಮಗೆ ತಡವಾಗುವುದೆಂದೂ ಹಾಜರಿ ಹಾಕಿಬಿಡಬೇಕೆಂದೂ ಕೇಳಿಕೊಂಡ. ದನಿಯಲ್ಲಿ ಏನೋ ನಡುಕವಿತ್ತಂತೆ. ಎರಡು ಸಲ ಕೇಳಿದ ಮೇಲೆ ನಿಜ ಹೊರಬಿತ್ತು: ಒಬ್ಬನನ್ನು ಹೋರಿ ತೂರಿದೆ, ಕೈ ಮುರಿದಂತಿದೆ, ಪಕ್ಕೆಯಲ್ಲಿ ನೋವು, ಬಳಗದ ಹಿರಿಯರು ಯಾರದೋ ಮನೆಯಲ್ಲಿ ಅರಿಸಿನ ಹಚ್ಚಿ ಮಲಗಿಸಿದ್ದಾರೆ, ಮನೆಯವರಿಗೂ ಕಾಲೇಜಿಗೂ ತಿಳಿಯಬಾರದೆಂದು ಎಲ್ಲರ ಬಾಯಿಗೂ ಬೀಗ ಹಾಕಿದ್ದಾರೆ.

ಆ ತರುಣ ಹಾಜರಿ ಪುಸ್ತಕದಲ್ಲಿ ಮೂವರ ಹೆಸರಿನ ಮುಂದೆ ‘ಇಲ್ಲ’ ಎಂದು ಬರೆದು ನನಗೆ ಫೋನು ಮಾಡಿದ. ಗಾಡಿ ಗೊತ್ತುಮಾಡಿ ಆ ಹಳ್ಳಿಗೆ ಹೋಗಿ, ಗಾಯಗೊಂಡವನನ್ನು ಹಾವೇರಿಯ ಜಿಲ್ಲಾ ಆಸ್ಪತ್ರೆಗೆ ಮುಟ್ಟಿಸುವಾಗ ಹನ್ನೆರಡು ದಾಟಿತ್ತು. ಕೈಯ ಜೊತೆಗೆ ಎರಡು ಪಕ್ಕೆಲುಬು ಮುರಿದಿದ್ದವು. ಹುಡುಗ ಉಳಿದ, ಕೈಯೂ ಕೂಡಿಕೊಂಡಿತು.

ಇಲ್ಲಿಗೆ ಕಥೆ ಮುಗಿದು ಸೆಕ್ರೆಟರಿಗೆ ಶಾಲು ಹೊದಿಸಬೇಕಾಗಿತ್ತೆಂದು ಕೆಲವರಿಗೆ ತೋರಬಹುದು. ನಡೆದದ್ದು ಬೇರೆ. ಬೆಳಗಾಗುವುದರೊಳಗೆ ಬಳಗದವರು ಅವನನ್ನು ತಮ್ಮ ವಾಟ್ಸಾಪ್ ಗುಂಪಿನಿಂದ ತೆಗೆದುಹಾಕಿದರು. ಊಟದ ಪಂಕ್ತಿಯಲ್ಲಿ ಅವನ ಎಡಬಲದ ಜಾಗ ಬರಿದಾಯಿತು. ಆಸ್ಪತ್ರೆಗೆ ಬಂದ ಗಾಯಾಳುವಿನ ತಂದೆ, ನನ್ನೆದುರಿಗೇ, ಅವನಿಗೆ ಅಂದ ಮಾತು ಇದು: “ನಮ್ಮೂರ ಹುಡುಗ ಅದಾನಂತ ನಿನ್ನ ಮ್ಯಾಲ ಬಿಟ್ಟು ಹೋಗಿದ್ದೆ. ಹೆಸರ ಬರಿಯಾಕ ಬರ್ತೈತಿ, ಹೋಗಬ್ಯಾಡಂತ ಹೇಳಾಕ ಬರಲಿಲ್ಲೇನು ನಿನಗ?” ಹುಡುಗ ತಲೆ ತಗ್ಗಿಸಿ ನಿಂತ. ಆ ತಂದೆಯ ಮಾತು ಅನ್ಯಾಯದ್ದೆಂದು ಹೇಳಲು ನನಗೂ ಬಾಯಿ ಬರಲಿಲ್ಲ. ಆತ ಕಾಲೇಜನ್ನು ನಂಬಿ ಮಗನನ್ನು ಕಳಿಸಿದ್ದಿಲ್ಲ, ತನ್ನೂರಿನ ಹುಡುಗನನ್ನು ನಂಬಿ ಕಳಿಸಿದ್ದ.

ಮೂರನೆಯ ದಿನ ಸೆಕ್ರೆಟರಿ ಬೀಗದ ಕೈ ತಂದು ನನ್ನ ಮೇಜಿನ ಮೇಲಿಟ್ಟ. “ಸರ, ಬರೀಲಿಲ್ಲಂದ್ರ ನನ್ನ ಕೆಲಸ ತಪ್ಪತೈತ್ರಿ, ಬರದ್ರ ನನ್ನ ಮಂದಿ ತಪ್ಪತಾರ್ರಿ. ಎರಡೂ ಇಟ್ಕೊಂಡು ಹ್ಯಾಂಗ್ ಇರೂದ್ರಿ?” ಎಂದ. ಇಪ್ಪತ್ತರ ಹುಡುಗನ ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ಪಠ್ಯಪುಸ್ತಕ ನನ್ನ ಬಳಿ ಇರಲಿಲ್ಲ.

ಆದರೆ ಪ್ರಶ್ನೆ ಹುಟ್ಟಿದ ಬಗೆಯನ್ನು ಕುರಿತು ಆಮೇಲೆ ಬಹಳ ಯೋಚಿಸಿದ್ದೇನೆ. ನಮ್ಮ ನಾಡಿನಲ್ಲಿ ಹಾಸ್ಟೆಲು ಎಂಬ ಸಂಸ್ಥೆಯೇ ಬಳಗದ ಕೂಸು. ಕೊಲ್ಲಾಪುರದ ಶಾಹು ಮಹಾರಾಜರು 1901ರಿಂದ ಒಂದೊಂದು ಸಮುದಾಯಕ್ಕೆ ಒಂದೊಂದು ವಸತಿಗೃಹ ತೆರೆಯಿಸುತ್ತ ಬಂದರು. ಆಗ ನಮ್ಮ ಹಾವೇರಿ, ರಾಣೆಬೆನ್ನೂರುಗಳೂ ಅದೇ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಆ ಗಾಳಿ ಇತ್ತ ಬೀಸದೆ ಇರಲಿಲ್ಲ. ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗಾ ಮಠ ಮೊದಲಾದವು ಅನ್ನ ಹಾಕಿ ಓದಿಸಿದ್ದರಿಂದ ಎಷ್ಟು ಬಡಮಕ್ಕಳು ವಿದ್ಯಾವಂತರಾದರೆಂಬುದನ್ನು ಲೆಕ್ಕ ಹಾಕುವುದು ಕಷ್ಟ. ಸಮುದಾಯದ ಬೋರ್ಡಿಂಗಿನಲ್ಲಿ ಹಿರಿಯ ವಿದ್ಯಾರ್ಥಿ ಮೇಲ್ವಿಚಾರಕನಾದರೆ ಅವನಿಗೆ ಇಬ್ಬಂದಿಯಿರಲಿಲ್ಲ. ಅನ್ನ ಹಾಕಿದವರೂ ಬಳಗದವರೇ, ಉಣ್ಣುವವರೂ ಬಳಗದವರೇ. ಬೀಗದ ಕೈಯೂ ಬಳಗದ್ದೇ.

ಈ ಚಿತ್ರ ಬದಲಾದದ್ದು ಸರ್ಕಾರದ ವಿದ್ಯಾರ್ಥಿನಿಲಯಗಳು ಊರೂರಿಗೆ ಹಬ್ಬಿದ ಮೇಲೆ. ದೇವರಾಜ ಅರಸರ ಕಾಲದಲ್ಲಿ, 1972ರಲ್ಲಿ ನೇಮಕಗೊಂಡು 1975ರಲ್ಲಿ ವರದಿ ಕೊಟ್ಟ ಹಿಂದುಳಿದ ವರ್ಗಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದ ಎಲ್. ಜಿ. ಹಾವನೂರರು ನಮ್ಮ ರಾಣೆಬೆನ್ನೂರಿನ ಮಗ. ಅವರ ವರದಿಯ ತರುವಾಯ, ತನ್ನದೆಂಬ ಮಠವೂ ಸಂಘವೂ ಇಲ್ಲದ ಕುಲದ ಹುಡುಗನೂ ಕಾಲೇಜಿನ ಮೆಟ್ಟಿಲು ಹತ್ತುವ ಹಾದಿ ಅಗಲವಾಯಿತು. ಒಂದೇ ಸೂರಿನ ಕೆಳಗೆ ಹತ್ತು ಕುಲದ, ಐವತ್ತು ಊರಿನ ಮಕ್ಕಳು ಮಲಗತೊಡಗಿದರು. ಸೆಕ್ರೆಟರಿಯ ಸಂಕಟ ಹುಟ್ಟಿದ್ದು ಆ ಒಳ್ಳೆಯ ಬದಲಾವಣೆಯ ಹೊಟ್ಟೆಯಲ್ಲಿ. ಎಲ್ಲರಿಗೂ ಸೇರಿದ ಬೀಗದ ಕೈಯನ್ನು ಯಾವುದೋ ಒಂದು ಬಳಗದ ಹುಡುಗನೇ ಹಿಡಿಯಬೇಕಲ್ಲವೇ? ಬಳಗವೇ ಇಲ್ಲದವನನ್ನು ಹುಡುಕಿ ನೇಮಿಸೋಣವೆನ್ನುವ ಸಹೋದ್ಯೋಗಿಗಳುಂಟು. ಅಂಥವನು ಸಿಕ್ಕರೂ ಅವನ ಮಾತನ್ನು ಹಾಸ್ಟೆಲಿನಲ್ಲಿ ಯಾರೂ ಕೇಳರು. ಇದು ನನ್ನ ಅನುಭವ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಲ್ಲಿ ಧಾರವಾಡದ ‘ಗೆಳೆಯರ ಗುಂಪು’ ನೆನಪಾದೀತು. ಬೇಂದ್ರೆಯವರನ್ನು ನಡುವಿಟ್ಟುಕೊಂಡು ಬೆಳೆದ ಆ ಗುಂಪಿಗೆ ನಮ್ಮ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ. ಕೃ. ಗೋಕಾಕರು ವಿದ್ಯಾರ್ಥಿದೆಸೆಯಲ್ಲಿಯೇ ಸೇರಿದರು. ಮುಂದೆ ಅದೇ ಧಾರವಾಡದ ಕರ್ನಾಟಕ ಕಾಲೇಜಿಗೆ ಪ್ರಾಚಾರ್ಯರಾದರು. ಗೆಳೆತನಕ್ಕೆ ಹಾಜರಿ ಪುಸ್ತಕವಿಲ್ಲ, ಕಾಲೇಜಿಗೆ ಉಂಟು. ಆದರೆ ಗೋಕಾಕರಿಗೆ ಒಂದರಿಂದ ಇನ್ನೊಂದಕ್ಕೆ ಹೋಗಲು ಎರಡು ದಶಕಗಳಿಗೂ ಮೀರಿದ ಅವಧಿ ದೊರೆತಿತ್ತು. ನಮ್ಮ ಸೆಕ್ರೆಟರಿ ಸಂಜೆ ಏಳಕ್ಕೆ ಗೆಳೆಯ, ಎಂಟಕ್ಕೆ ಅಧಿಕಾರಿ.

ಹುಡುಗಿಯರ ಹಾಸ್ಟೆಲುಗಳ ಪಾಡು ಇನ್ನೂ ಸೂಕ್ಷ್ಮ. ಅಲ್ಲಿ ಸೆಕ್ರೆಟರಿ ಎಂದು ಯಾರೂ ಕರೆಯರು, ‘ಅಕ್ಕಾ’ ಎನ್ನುತ್ತಾರೆ. ಊರೂರಿನಲ್ಲಿ ಅಕ್ಕಮಹಾದೇವಿಯ ಹೆಸರಿನ ‘ಅಕ್ಕನ ಬಳಗ’ಗಳಿರುವ ಈ ಸೀಮೆಯಲ್ಲಿ ಆ ಕರೆಗೊಂದು ತೂಕವಿದೆ. ಬಾಗಿಲು ಬೇಗ ಮುಚ್ಚುತ್ತದೆ. ತಾಯಂದಿರ ಫೋನು ವಾರ್ಡನ್ನರಿಗಿಂತ ಮೊದಲು ಅಕ್ಕನಿಗೆ ಬರುತ್ತದೆ. ಗೆಳತಿಯ ಮದುವೆಯನ್ನು ಮನೆಯವರು ಗುಟ್ಟಾಗಿ ಗೊತ್ತುಮಾಡಿದ ಸುದ್ದಿ ಮೊದಲು ತಿಳಿಯುವುದೂ ಅಕ್ಕನಿಗೇ. ಅದನ್ನು ಹೇಳಿದರೆ ಗೆಳತಿಯ ನಂಬಿಕೆ ಹೋಯಿತು, ಹೇಳದಿದ್ದರೆ ಗೆಳತಿಯ ಓದು ಹೋಯಿತು. ರಾಣೆಬೆನ್ನೂರಿನಲ್ಲಿ ನಾನು ಕಂಡ ಅಂಥ ಅಕ್ಕ ಒಬ್ಬಳು ಹೊಸಬರು ಬಂದ ಮೊದಲ ರಾತ್ರಿಯೇ ಎಲ್ಲರನ್ನೂ ಕೂಡಿಸಿ, ತಾನು ಯಾವ ಗುಟ್ಟನ್ನು ಕಾಯುವೆ, ಯಾವುದನ್ನು ಕಾಯಲಾರೆ ಎಂದು ಬಾಯಿಬಿಟ್ಟು ಹೇಳಿಬಿಡುತ್ತಿದ್ದಳು. ಜೀವಕ್ಕೆ, ಮಾನಕ್ಕೆ ಕೇಡಾಗುವ ಸುದ್ದಿ ಮೇಡಂ ಅವರಿಗೆ ಮುಟ್ಟುತ್ತದೆ, ಉಳಿದದ್ದೆಲ್ಲ ತನ್ನ ಹೊಟ್ಟೆಯಲ್ಲಿ. ಹೇಳಿಸಿಕೊಂಡ ಮೇಲೆ ಮುನಿಯುವ ಹಕ್ಕು ಯಾರಿಗೂ ಉಳಿಯುತ್ತಿರಲಿಲ್ಲ.

ನಾನು ಆಕೆಯಿಂದ ಈ ಉಪಾಯವನ್ನು ಎರವಲು ತಂದೆ. ರ್‍ಯಾಗಿಂಗ್ ಕುರಿತು ಯು.ಜಿ.ಸಿ. 2009ರಲ್ಲಿ ಮಾಡಿದ ನಿಯಮಗಳಲ್ಲಿ ಕುಮ್ಮಕ್ಕು ಕೊಡುವುದೂ ಶಿಕ್ಷಾರ್ಹವೆಂದಿದೆ. ಅದನ್ನು ಗೋಡೆಗೆ ಅಂಟಿಸಿದ್ದರೂ ಓದಿದವರು ಕಡಿಮೆ. ಗೋಡೆಯ ಕಾಗದಕ್ಕಿಂತ ಪಕ್ಕದ ಚಾಪೆಯವನ ಬಾಯಿಮಾತು ಮೇಲು. ಇನ್ನೊಂದು ವ್ಯವಸ್ಥೆಯನ್ನು ಆ ಸೆಕ್ರೆಟರಿಯೇ ಸೂಚಿಸಿದ. ಅವನ ಬೀಗದ ಕೈಯನ್ನು ನಾನು ತಿರುಗಿ ಅವನ ಕಡೆಗೆ ಸರಿಸಿದಾಗ, ಅದನ್ನು ಒಡನೆ ಎತ್ತಿಕೊಳ್ಳದೆ, “ಸರ, ಇಬ್ಬರನ್ನ ಮಾಡ್ರಿ, ಒಂದ ಊರಿನವರು ಬ್ಯಾಡ್ರಿ” ಎಂದ. ಅಂದಿನಿಂದ ನಮ್ಮಲ್ಲಿ ಇಬ್ಬರು ಸೆಕ್ರೆಟರಿಗಳು. ತನ್ನ ಬಳಗದ ಸಭೆಯೋ ಹಬ್ಬವೋ ಇರುವ ದಿನ ಒಬ್ಬನು ಮುಂಚಿತವಾಗಿ ಪುಸ್ತಕದಲ್ಲಿ ಬರೆದು, ಕೀಲಿಯನ್ನು ಇನ್ನೊಬ್ಬನಿಗೆ ಒಪ್ಪಿಸುತ್ತಾನೆ. ಆ ರಾತ್ರಿ ಅವನು ಹಾಸ್ಟೆಲಿನ ಸಾಮಾನ್ಯ ಹುಡುಗ, ತಡವಾದರೆ ಅವನ ಹೆಸರನ್ನೂ ಬರೆಯಲಾಗುತ್ತದೆ. ಬಳಗದ ವಿಚಾರಣೆ ಬಂದರೆ ಆ ಬಳಗದವನು ಹೊರಗೆ ಕೂರುತ್ತಾನೆ. ಇದರಿಂದ ಎಲ್ಲವೂ ಸರಿಹೋಯಿತೆಂದು ನಾನು ಹೇಳೆನು. ಇಬ್ಬರು ಸೆಕ್ರೆಟರಿಗಳೇ ಜಗಳಾಡಿಕೊಂಡ ವರ್ಷವೂ ಒಂದಿದೆ. ಅದರ ವೃತ್ತಾಂತ ಬೇರೆ.

ಆ ತರುಣನನ್ನು ಅವನ ಬಳಗ ಮರಳಿ ಸೇರಿಸಿಕೊಂಡದ್ದು ನಾಲ್ಕು ತಿಂಗಳ ಮೇಲೆ, ಪರೀಕ್ಷೆಯ ಹೊತ್ತಿಗೆ. ಯಾರೂ ಕ್ಷಮೆ ಕೇಳಲಿಲ್ಲ, ಯಾರೂ ಕೊಡಲಿಲ್ಲ. ಕೈ ಮುರಿದುಕೊಂಡಿದ್ದ ಹುಡುಗನೇ ಒಂದು ರಾತ್ರಿ ತನ್ನ ತಟ್ಟೆ ಎತ್ತಿಕೊಂಡು ಬಂದು ಅವನ ಪಕ್ಕದಲ್ಲಿ ಕೂತು, ಮನೆಯಿಂದ ಬಂದ ಶೇಂಗಾ ಚಟ್ನಿಯನ್ನು ಅವನ ರೊಟ್ಟಿಯ ಮೇಲೆ ಹಾಕಿದನಂತೆ. ಈಗ ಆತ ಹಾನಗಲ್ಲ ತಾಲ್ಲೂಕಿನ ಒಂದು ಶಾಲೆಯಲ್ಲಿ ಮಾಸ್ತರನಾಗಿದ್ದಾನೆ; ದೀಪಾವಳಿಯಲ್ಲಿ ಹೋರಿಯ ಹಿಂದೆ ಹೋಗುವುದನ್ನು ಬಿಟ್ಟಿಲ್ಲ.