ಮಸಿಯ ಚೆಂಡಿನೊಳಗಿನ ಅಯಸ್ಕಾಂತ

ಬೇಸಿಗೆಗೆ ಸೊರಗಿದ ಕುಮುದ್ವತಿ ರಟ್ಟೀಹಳ್ಳಿಯ ಬದಿಗೆ ಬರೀ ಉಸುಕು ಬಿಟ್ಟಿತ್ತು. ಕದಂಬೇಶ್ವರನ ಗುಡಿ ನೋಡಿಕೊಂಡು ಹೊಳೆಗೆ ಇಳಿಯುವಾಗ ಹೊತ್ತು ಮುಳುಗಲು ಇನ್ನೂ ತಾಸಿತ್ತು, ಕಾವು ಮಾತ್ರ ಇಳಿದಿರಲಿಲ್ಲ. ಮುಂದೆ ಅಣ್ಣನ ಮಗ, ಹಿಂದೆ ನಾನು. ಹುಡುಗನ ಕೈಯಲ್ಲಿ ಹಳೇ ರೇಡಿಯೊದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ, ಉದ್ದಿನ ವಡೆಯ ಹಾಗೆ ನಡುವೆ ತೂತು. ದಾರ ಕಟ್ಟಿ ಉಸುಕಿನಲ್ಲಿ ಎಳೆದ. ಹತ್ತು ಹೆಜ್ಜೆಗೆಲ್ಲ ಕರೀ ಪುಡಿ ಮೈತುಂಬ ಸೆಟೆದು ನಿಂತು ಅದು ಮುಳ್ಳುಹಂದಿಯಾಯಿತು. ಉಜ್ಜಿದರೂ ಹೋಗದು, ಊದಿದರೂ ಹೋಗದು. ಎರಡನೇ ಸಲ ಅವನು ಅದನ್ನು ಕ್ಯಾರಿಬ್ಯಾಗಿನಲ್ಲಿ ಸುತ್ತಿ ಎಳೆದ. ಪುಡಿ ಚೀಲದ ಹೊರಗೇ ಮೆತ್ತಿತು. ಅಯಸ್ಕಾಂತ ತೆಗೆದದ್ದೇ ತಡ, ಸುರ್ರನೆ ಅಂಗೈಗೆ ಉದುರಿತು.

"ಚೀಲದಾಗ ಕುಂತರೂ ಜಗ್ಗೂದು ಬಿಡೂದಿಲ್ಲ ನೋಡ್ರಿ, ಕಾಕಾ" ಅಂದ.

ನಾನು ವಾರವಿಡೀ ಓದುತ್ತಿದ್ದದ್ದೂ ಅದನ್ನೇ. ಅಲ್ಲಿ ಚೀಲ ಇಂಗಾಲದ್ದು. 1985ರಲ್ಲಿ ಕ್ರೋಟೊ, ಕರ್ಲ್, ಸ್ಮಾಲಿ ಕಂಡುಕೊಂಡ ಫುಲ್ಲರೀನ್ ಎಂಬ ಚೆಂಡು. 60 ಪರಮಾಣುಗಳು, ಫುಟ್‌ಬಾಲಿನ ಹೊಲಿಗೆಯಂತೆ 12 ಐದುಮೂಲೆ, 20 ಆರುಮೂಲೆ. ಅದೇ ವರ್ಷ ಅದರೊಳಗೆ ಲ್ಯಾಂಥನಮ್ ಪರಮಾಣುವನ್ನು ಕೂಡಿಹಾಕಿದ ಗುರುತೂ ಸಿಕ್ಕಿತು. 1990ರ ದಶಕದ ಮೊದಲಲ್ಲಿ ನಮ್ಮ ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರೂ ಫುಲ್ಲರೀನ್ ಬೆನ್ನುಹತ್ತಿದ್ದರು, ಅದರಿಂದ ಹುಟ್ಟುವ ಕಾಂತಗುಣವನ್ನೂ ಅಳೆದಿದ್ದರು. ಬರೀ ಚೆಂಡು ಬೇಕಾದರೆ ಗ್ರಾಫೈಟ್ ಕಡ್ಡಿಗಳ ನಡುವೆ ಹೀಲಿಯಂ ಅನಿಲದಲ್ಲಿ ವಿದ್ಯುತ್ ಚಾಪ ಹೊತ್ತಿಸಬೇಕು, ಕೂತ ಮಸಿಯನ್ನು ಟೊಲುವೀನಿನಲ್ಲಿ ನೆನೆಸಬೇಕು. ಕರೀ ಮಸಿಯಿಂದ ಕೆನ್ನೇರಳೆ ಬಣ್ಣ ಇಳಿಯುತ್ತದೆ. ಒಳಗೆ ಲೋಹ ಬೇಕಾದರೆ ಕಡ್ಡಿಯನ್ನು ಕೊರೆದು ಲೋಹದ ಆಕ್ಸೈಡ್ ತುಂಬಿ ಸುಡಬೇಕು. ಬಂಡಿ ಮಸಿಗೆ ಚಿಟಿಕೆ ಫಲ.

ಒಳಗೆ ಸೇರಿದ ಲ್ಯಾಂಥನಮ್ ಸುಮ್ಮನೆ ಕೂರುವುದಿಲ್ಲ. 82 ಇಂಗಾಲದ ಪಂಜರಕ್ಕೆ ತನ್ನ ಮೂರು ಎಲೆಕ್ಟ್ರಾನ್ ಕೊಟ್ಟುಬಿಡುತ್ತದೆ. ಮೂರರಲ್ಲಿ ಎರಡು ಜೋಡಿಯಾಗಿ, ಒಂದು ಒಂಟಿ ಉಳಿಯುತ್ತದೆ. ಜೋಡಿಯಿಲ್ಲದ ಆ ಎಲೆಕ್ಟ್ರಾನೇ ಅಯಸ್ಕಾಂತ, ಅಂದರೆ ಇಲ್ಲಿ ಪಂಜರಕ್ಕೇ ಕಾಂತಗುಣ! ಅದರ ರೋಹಿತದಲ್ಲಿ ಗೆರೆ ಒಂದಲ್ಲ, ಎಂಟು. ಒಳಗಿನ ಲ್ಯಾಂಥನಮ್ ನ್ಯೂಕ್ಲಿಯಸ್ ಗೋಡೆಯಾಚೆಯಿಂದ ಹಾಕಿದ ರುಜು ಅದು.

ಡಿಸ್ಪ್ರೋಸಿಯಮ್‌ನ ಜಾಯಮಾನ ಬೇರೆ. ಹೊರಗಿನ ಎಲೆಕ್ಟ್ರಾನ್ ಕೊಟ್ಟರೂ ಒಳಪದರದ ಒಂಟಿಗಳನ್ನು ಬಿಡುವುದಿಲ್ಲ, ಕಾಂತಗುಣ ಅದರ ಬಳಿಯೇ. 80 ಇಂಗಾಲದ ಚೆಂಡಿನಲ್ಲಿ ಎರಡು ಸ್ಕ್ಯಾಂಡಿಯಮ್, ನಡುವೆ ಒಂದು ನೈಟ್ರೋಜನ್ ಜತೆಗೆ ಕೂತ ಡಿಸ್ಪ್ರೋಸಿಯಮ್, ಕಡು ಚಳಿಯಲ್ಲಿ ಹೊರಗಿನ ಕಾಂತಕ್ಷೇತ್ರ ತೆಗೆದ ಮೇಲೂ ಬೇಗ ದಿಕ್ಕು ಮರೆಯುವುದಿಲ್ಲವೆಂದು 2012ರಲ್ಲಿ ತೋರಿಸಿದರು. ಒಂದೊಂದು ಅಣುವೂ ಒಂದೊಂದು ಅಯಸ್ಕಾಂತ. ಈ ನೈಟ್ರೋಜನ್ ಸಂಸಾರ ಶುರುವಾದದ್ದು ಅಮೆರಿಕದ ಪ್ರಯೋಗಾಲಯವೊಂದರ ಪಾತ್ರೆಯೊಳಗೆ ಗಾಳಿ ಸೋರಿದ್ದರಿಂದ. ನನಗೆ ಇಡೀ ಕಥೆಯಲ್ಲಿ ಬಹಳ ಹಿಡಿಸಿದ್ದು ಆ ಸೋರಿಕೆಯೇ.

"ಅಷ್ಟು ಸಣ್ಣದು ಕಿಸೆದಾಗ ಇಟ್ಕೊಳ್ಳಾಕ ಬರ್ತೈತೇನ್ರಿ?"

"ಇಟ್ಕೋಬಹುದು ತಮ್ಮಾ, ಆದರ ಈ ಬಿಸಲಾಗ ದಿಕ್ಕು ಮರೀತೈತಿ."

2017ರಲ್ಲಿ ಒಂಟಿ ಎಲೆಕ್ಟ್ರಾನಿನ ಬೆಸುಗೆಯ ಎರಡು ಡಿಸ್ಪ್ರೋಸಿಯಮ್‌ಗಳನ್ನು ಇಟ್ಟ ಚೆಂಡು 18 ಕೆಲ್ವಿನ್‌ವರೆಗೆ ತಡೆಯಿತು. ಅಂದರೆ ಸೊನ್ನೆಗಿಂತ 255 ಡಿಗ್ರಿ ಕೆಳಗೆ. ಹುಡುಗ ಆಗಲೇ ದಾರ ಹಿಡಿದು ಮುಂದೆ ಹೋಗಿದ್ದ. ಸುಡುವ ಉಸುಕಿನಲ್ಲಿ ಸ್ಪೀಕರಿನ ವಡೆ ಇನ್ನೂ ಜಗ್ಗುತ್ತಿತ್ತು.