ಮಂಪರಿನಲ್ಲಿರುವ ನಾಯಿಬೆಕ್ಕುಗಳಿಗೆ ಕಾವಲು

ನಾಯಿಯನ್ನೋ ಬೆಕ್ಕನ್ನೋ ಸಾಕಿದವರಿಗೆ ಒಂದಲ್ಲ ಒಂದು ದಿನ ಅದನ್ನು ಪಶುವೈದ್ಯರ ಮೇಜಿನ ಮೇಲೆ ಮಲಗಿಸಬೇಕಾಗಿ ಬರುತ್ತದೆ. ಸಂತಾನಹರಣದ ಶಸ್ತ್ರಚಿಕಿತ್ಸೆಯಿರಬಹುದು, ಕೊಳೆತ ಹಲ್ಲಿರಬಹುದು, ಮುರಿದ ಕಾಲಿರಬಹುದು. ಮನುಷ್ಯನಿಗಾದರೆ ಅಲುಗಾಡಬೇಡವೆಂದು ಹೇಳಬಹುದು. ನಾಯಿಗೆ ಹೇಳಿ ಫಲವಿಲ್ಲ. ಆದುದರಿಂದ ಎಕ್ಸರೇ ತೆಗೆಯುವುದಕ್ಕೂ ಕೆಲವು ವೇಳೆ ಮಂಪರಿನ ಮದ್ದು ಬೇಕಾಗುತ್ತದೆ. "ನಿದ್ದೆಯ ಇಂಜೆಕ್ಷನ್ ತಾನೆ" ಎಂದು ಜನ ಹಗುರವಾಗಿ ಹೇಳುವುದುಂಟು. ಅದು ನಿದ್ದೆಯಲ್ಲ. ನಿದ್ರಿಸುತ್ತಿರುವ ಪ್ರಾಣಿ ಗಂಟಲಿಗೆ ಏನಾದರೂ ಬಂದರೆ ಕೆಮ್ಮುತ್ತದೆ, ಚಳಿಯಾದರೆ ಮುದುರಿಕೊಳ್ಳುತ್ತದೆ. ಪೂರ್ಣ ಅರಿವಳಿಕೆಯಲ್ಲಿರುವ ಪ್ರಾಣಿ ಇವೆರಡನ್ನೂ ಮಾಡಲಾರದು. ಅದರ ಪರವಾಗಿ ಇನ್ನೊಬ್ಬರು ಎಚ್ಚರವಾಗಿರಬೇಕು.

ಎಚ್ಚರವಾಗಿದ್ದು ನೋಡಬೇಕಾದ್ದು ಉಸಿರನ್ನೋ ನಾಡಿಯನ್ನೋ? ಈ ಪ್ರಶ್ನೆಯ ಮೇಲೆ ಹಿಂದೆ ದೊಡ್ಡ ವಾದವೇ ನಡೆಯಿತು. 1847ರಲ್ಲಿ ಕ್ಲೋರೋಫಾರಂ ಬಳಕೆಗೆ ಬಂದ ಮೇಲೆ ಕೆಲವು ರೋಗಿಗಳು ಶಸ್ತ್ರಕ್ರಿಯೆಯ ಮೇಜಿನ ಮೇಲೆಯೇ ಸತ್ತರು. ಮೊದಲು ನಿಲ್ಲುವುದು ಉಸಿರೆಂದು ಕೆಲವರು, ಹೃದಯವೆಂದು ಕೆಲವರು. ನಮ್ಮ ನೆರೆಯ ಹೈದರಾಬಾದಿನಲ್ಲಿ ಎಡ್ವರ್ಡ್ ಲಾರಿ ಎಂಬ ವೈದ್ಯರ ಮುಂದಾಳುತನದಲ್ಲಿ, ನಿಜಾಮರ ಆಶ್ರಯದಲ್ಲಿ, 1888 ಮತ್ತು 1889ರಲ್ಲಿ ಎರಡು ಆಯೋಗಗಳು ನಾಯಿಗಳೇ ಮೊದಲಾದ ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, ಉಸಿರೇ ಮೊದಲು ನಿಲ್ಲುತ್ತದೆ, ಅದನ್ನೇ ಕಾಯಿರಿ ಎಂದವು. 1911ರಲ್ಲಿ ಗುಡ್‌ಮನ್ ಲೆವಿ ಎಂಬವರು ಬೆಕ್ಕುಗಳಲ್ಲಿ ಬೇರೆಯದನ್ನೇ ಕಂಡರು. ಕ್ಲೋರೋಫಾರಂ ಅಲ್ಪವಾಗಿರುವಾಗಲೇ ಹೃದಯವು ತಾಳತಪ್ಪಿ, ಅದುರಿ, ಹಠಾತ್ತನೆ ನಿಂತುಬಿಡಬಹುದಾಗಿತ್ತು. ಎರಡನ್ನೂ ನೋಡಬೇಕೆಂಬ ತಿಳಿವಳಿಕೆಗೆ ಬೆಲೆ ತೆತ್ತದ್ದು ಈ ಮೂಕಪ್ರಾಣಿಗಳು. ಕ್ಲೋರೋಫಾರಂ ಹೋಗಿ ಐಸೋಫ್ಲೂರೇನಿನಂಥ ಮದ್ದುಗಳು ಬಂದಿವೆ; ಕಾವಲು ಮಾತ್ರ ಹೋಗಿಲ್ಲ.

ಒಳ್ಳೆಯ ಚಿಕಿತ್ಸಾಲಯದಲ್ಲಿ ಕತ್ತರಿ ಹಿಡಿದವರು ಒಬ್ಬರಾದರೆ, ಪ್ರಾಣಿಯನ್ನು ಕಾಯುವವರು ಇನ್ನೊಬ್ಬರು. ಐದೈದು ನಿಮಿಷಕ್ಕೊಮ್ಮೆ ಅವರು ನಾಡಿ, ಉಸಿರು, ಮೈಬಿಸಿ ಬರೆದುಕೊಳ್ಳುತ್ತಾರೆ. ನಾಡಿ ಸಿಗುವುದು ತೊಡೆಯ ಒಳಭಾಗದಲ್ಲಿ. ಒಸಡು ನಸುಗೆಂಪಾಗಿರಬೇಕು, ಬೆರಳಿನಿಂದೊತ್ತಿ ಬಿಟ್ಟರೆ ಬಿಳಿಚಿದ ಜಾಗ 2 ಸೆಕೆಂಡಿನೊಳಗೆ ಮತ್ತೆ ಕೆಂಪೇರಬೇಕು. ನಾಲಗೆಗೆ ಕಚ್ಚಿಸುವ ಕ್ಲಿಪ್ಪೊಂದು ರಕ್ತದ ಆಮ್ಲಜನಕವನ್ನು ತೋರಿಸುತ್ತದೆ. ಅದು ನೂರಕ್ಕೆ 95ರ ಮೇಲಿರಬೇಕು. ಬಿಟ್ಟ ಉಸಿರಿನ ಇಂಗಾಲಾಮ್ಲವನ್ನು ಅಳೆಯುವ ಯಂತ್ರ, ಗಂಟಲ ಕೊಳವೆ ಜಾರಿದರೆ ಕೂಡಲೇ ಸುಳುಹು ಕೊಡುತ್ತದೆ. ಆದರೆ ನಾಲಗೆ ಒಣಗಿದರೆ ಕ್ಲಿಪ್ಪು ಸುಳ್ಳು ಹೇಳುವುದೂ ಉಂಟು. ಬೆರಳಿಗೆ ವಿದ್ಯುತ್ತೂ ಬೇಡ! ಕೆಟಮಿನ್ ಕೊಟ್ಟ ಬೆಕ್ಕು ಕಣ್ಣು ತೆರೆದೇ ಇರುತ್ತದೆ. ಕಣ್ಣು ಒಣಗದಂತೆ ಮುಲಾಮು ಹಚ್ಚುತ್ತಾರೆ.

ಇಷ್ಟೆಲ್ಲ ಆಗಿ ಹೊಲಿಗೆ ಬಿದ್ದೊಡನೆ ಗಂಡಾಂತರ ಕಳೆಯಿತೆಂದು ನಾವು ನಿಟ್ಟುಸಿರು ಬಿಡುತ್ತೇವೆ. ಅಲ್ಲಿಯೇ ತಪ್ಪುವುದು. ಬ್ರಿಟನ್ನಿನ ದೊಡ್ಡದೊಂದು ಸಮೀಕ್ಷೆ 2008ರಲ್ಲಿ ಪ್ರಕಟವಾಯಿತು. ಅರಿವಳಿಕೆ ಪಡೆದ ನಾಯಿಗಳಲ್ಲಿ ಸುಮಾರು 600ಕ್ಕೆ ಒಂದು, ಬೆಕ್ಕುಗಳಲ್ಲಿ ಸುಮಾರು 400ಕ್ಕೆ ಒಂದು ಸತ್ತಿದ್ದವು. ಸತ್ತ ನಾಯಿಗಳಲ್ಲಿ ಅರ್ಧದಷ್ಟು, ಬೆಕ್ಕುಗಳಲ್ಲಿ ಅರ್ಧಕ್ಕೂ ಮಿಕ್ಕಿ, ಸತ್ತದ್ದು ಶಸ್ತ್ರಕ್ರಿಯೆ ಮುಗಿದ ಮೇಲೆ. ಅದರಲ್ಲಿಯೂ ಮೊದಲ 3 ಗಂಟೆಗಳಲ್ಲಿಯೇ ಹೆಚ್ಚು. ಕಾಯುವವರು ಎದ್ದುಹೋಗುವ ಹೊತ್ತು ಅದೇ ಅಲ್ಲವೆ?

ಆದುದರಿಂದ ಪ್ರಾಣಿ ತಾನಾಗಿ ತಲೆಯೆತ್ತಿ ಎದೆಯ ಮೇಲೆ ಕುಳಿತುಕೊಳ್ಳುವವರೆಗೆ ಮನೆಗೆ ಕರೆದೊಯ್ಯುವ ಅವಸರ ಬೇಡ. ಆಟೋರಿಕ್ಷಾದಲ್ಲಿ ಕತ್ತು ನೇರವಾಗಿ ಚಾಚಿರಲಿ, ಮೂತಿ ಬಟ್ಟೆಯಲ್ಲಿ ಹುದುಗದಿರಲಿ. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಲ್ಲಿ ಇದು ಇನ್ನೂ ಮುಖ್ಯ. ಮನೆಯಲ್ಲಿ ಮಂಚದ ಮೇಲೆ ಮಲಗಿಸದೆ ನೆಲದ ಮೇಲೆ ಹಾಸಿ ಮಲಗಿಸಿ. ತೂರಾಡುತ್ತ ಬಿದ್ದರೆ ಹೊಲಿಗೆ ಬಿಚ್ಚೀತು. ಇವುಗಳ ಮೈಬಿಸಿ ಸಹಜವಾಗಿ 100ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಕೂದಲು ಬೋಳಿಸಿ, ಒದ್ದೆ ಮಾಡಿ, ತಣ್ಣನೆಯ ಮೇಜಿನ ಮೇಲಿರಿಸಿದ ಚಿಕ್ಕ ಬೆಕ್ಕು ಬಲು ಬೇಗ ತಣ್ಣಗಾಗುತ್ತದೆ, ತಣ್ಣಗಾದಷ್ಟೂ ತಡವಾಗಿ ಎಚ್ಚರಗೊಳ್ಳುತ್ತದೆ. ಕಂಬಳಿ ಹೊದಿಸಿ. ಬಿಸಿನೀರಿನ ಸೀಸೆ ಇಡುವುದಾದರೆ ದಪ್ಪ ಬಟ್ಟೆ ಸುತ್ತಿಯೇ ಇಡಿ. ಚರ್ಮ ಸುಟ್ಟರೂ ಅದು ಸರಿದುಕೊಳ್ಳಲಾರದು.

ಇನ್ನು ಹಾಲಿನ ವಿಷಯ. "ಪಾಪ, ಬೆಳಗಿನಿಂದ ಉಪವಾಸ" ಎಂದು ಅಜ್ಜಿಯರು ಬಟ್ಟಲು ತರುವುದು ಪ್ರೀತಿಯಿಂದಲೇ. ಸರಿಯಾಗಿ ನುಂಗಲಾರದ ಪ್ರಾಣಿಯ ಶ್ವಾಸಕೋಶಕ್ಕೆ ಹಾಲು ಇಳಿದರೆ ಪ್ರಾಣಕ್ಕೇ ಬಂದೀತು. ನೆಟ್ಟಗೆ ನಡೆದಾಡಿದ ಮೇಲೆ ಮೊದಲು ಒಂದಿಷ್ಟು ನೀರು, ಆಮೇಲೆ ಸ್ವಲ್ಪ ಆಹಾರ. ಶಸ್ತ್ರಕ್ರಿಯೆಗೆ ಮುಂಚೆ ಉಪವಾಸವಿರಿಸಬೇಕೆಂದಾಗ ಬಿಸ್ಕತ್ತೊಂದನ್ನು ಕೊಟ್ಟಿದ್ದರೆ ಸಂಕೋಚಪಡದೆ ವೈದ್ಯರಿಗೆ ಹೇಳಿಬಿಡಿ. ಒಸಡು ಬಿಳಿಚಿದರೆ, ನೀಲಿಗಟ್ಟಿದರೆ, ಕರೆದು ಅಲುಗಿಸಿದರೂ ಮಿಸುಕದಿದ್ದರೆ ಬೆಳಗಾಗಲೆಂದು ಕಾಯದೆ ವೈದ್ಯರನ್ನು ಕಾಣಬೇಕು. ಮತ್ತೆ, ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ಬೆಕ್ಕಿಗೆ ಕೊಡಲೇಬಾರದು. ನಮಗೆ ಜ್ವರ ಇಳಿಸುವ ಆ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲುದು.